ಜಾನ್ ಸ್ಟೈನ್‌ಬೆಕ್: ವಲಸೆ ಬಂದವರ ಕಥೆ ಬರೆದವರು



ಈ ಸಂಚಿಕೆಗೆ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನ ಪರಿಚಯ ಬರೆದುಕೊಡಬೇಕು ಎಂದು ಕನ್ನಡ ಮೇಡಂ ಹೇಳಿದಾಗ ಹೆಚ್ಚಿನವರು ವಿಜ್ಞಾನಿಗಳ, ಸ್ವಾತಂತ್ರ್ಯ ಹೋರಾಟಗಾರರ ಹೆಸರು ಕೊಟ್ಟರು. ನಾನು ಕೊಟ್ಟದ್ದು ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಅವರ ಹೆಸರು. ಅಕೌಂಟೆನ್ಸಿ ಓದುವವಳಿಗೆ ಕಾದಂಬರಿಕಾರರ ಉಸಾಬರಿ ಯಾಕೆ ಎಂದು ಗೆಳತಿಯರು ನಕ್ಕರು. ಮೊದಲು ಅದರ ಕಾರಣ ಹೇಳಿಬಿಡುತ್ತೇನೆ.

ನಮ್ಮ ಅಬ್ಬು ಸೆಂಟ್ರಿಂಗ್ ಕೆಲಸ ಮಾಡುತ್ತಾರೆ. ಹೋದ ವರ್ಷ ಅವರು ಹೋಗುತ್ತಿದ್ದ ಕಟ್ಟಡಕ್ಕೆ ಕಂಟ್ರಾಕ್ಟರ್ ಬಿಹಾರದ ಕಡೆಯಿಂದ ಹುಡುಗರನ್ನು ಕರೆಸಿದರು. ಅವರು ಕಡಿಮೆ ಕೂಲಿಗೆ ಬಂದರು. ಅದೇ ಕೂಲಿಗೆ ಬರುವುದಾದರೆ ಬನ್ನಿ, ಇಲ್ಲವಾದರೆ ಬೇಡ ಎಂದು ಅಬ್ಬುವಿಗೆ ಹೇಳಿದರಂತೆ. ಮನೆಯಲ್ಲಿ ಖರ್ಚು ಬಿಗಿಯಾಯಿತು. ನನ್ನ ಟ್ಯೂಷನ್ ನಿಂತಿತು. ನನ್ನ ಸಿಟ್ಟೆಲ್ಲ ಆ ಹುಡುಗರ ಮೇಲೆ. ಅರ್ಥಶಾಸ್ತ್ರದ ತರಗತಿಯಲ್ಲಿ ಕೂಲಿಯ ವಿಷಯ ಚರ್ಚೆಗೆ ಬಂದಾಗ, ಹೊರಗಿನಿಂದ ಬಂದವರನ್ನೆಲ್ಲ ರೈಲು ಹತ್ತಿಸಿ ವಾಪಸ್ ಕಳಿಸಬೇಕು ಎಂದು ಎದ್ದು ನಿಂತು ಹೇಳಿದೆ. ಚಪ್ಪಾಳೆಯೂ ಬಿತ್ತು. ವಿಷಯ ಇಂಗ್ಲಿಷ್ ಸರ್ ಕಿವಿಗೆ ಬಿತ್ತು. ಅವರು ಬೈಯಲಿಲ್ಲ. ಮರುದಿನ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತೆಗೆದುಕೊಟ್ಟರು. ಅದೇ 'ದಿ ಗ್ರೇಪ್ಸ್ ಆಫ್ ರಾತ್'. ಹೆಸರಿನ ಅರ್ಥ ಕೋಪದ ದ್ರಾಕ್ಷಿಗಳು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ ಮುಗಿಸಲು ನನಗೆ ಎರಡು ತಿಂಗಳು ಹಿಡಿಯಿತು.

ಇದನ್ನು ಬರೆದ ಸ್ಟೈನ್‌ಬೆಕ್ ಹುಟ್ಟಿದ್ದು 1902ರ ಫೆಬ್ರವರಿ 27ರಂದು, ಕ್ಯಾಲಿಫೋರ್ನಿಯಾ ರಾಜ್ಯದ ಸಲೀನಾಸ್ ಎಂಬ ಊರಿನಲ್ಲಿ. ಸುತ್ತಲೂ ಹೊಲ, ತೋಟಗಳಿರುವ ಕಣಿವೆ ಅದು. ತಂದೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಭಾಗದ, ಖಜಾಂಚಿಯಾಗಿದ್ದರು. ತಾಯಿ ಮೊದಲು ಶಾಲಾ ಶಿಕ್ಷಕಿಯಾಗಿದ್ದವರು. ಮೂವರು ಸಹೋದರಿಯರ ನಡುವೆ ಇವರೊಬ್ಬರೇ ಗಂಡು. ಹೊಟ್ಟೆ ಬಟ್ಟೆಗೆ ಕೊರತೆಯಿಲ್ಲದ ಮನೆ. ಆದರೂ ರಜೆಯಲ್ಲಿ ಹೊಲಗಳಲ್ಲಿ, ಸಕ್ಕರೆ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಊರೂರು ಅಲೆಯುವ ಕೂಲಿಗಳ ಮಾತು, ಊಟ, ಕಷ್ಟ ಅಲ್ಲೇ ಅವರ ಕಣ್ಣಿಗೆ ಬಿದ್ದದ್ದು.

1919ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ಬಿಟ್ಟು ಬಿಟ್ಟು ಓದಿ 1925ರಲ್ಲಿ ಡಿಗ್ರಿ ಇಲ್ಲದೆಯೇ ಹೊರಬಂದರು. ನ್ಯೂಯಾರ್ಕ್‌ಗೆ ಹೋಗಿ ಕಟ್ಟಡ ಕೆಲಸದಲ್ಲಿ ಸಿಮೆಂಟ್ ಹೊತ್ತರು. ಇದನ್ನು ಓದಿದಾಗ ನನಗೆ ಅವರು ಸ್ವಲ್ಪ ನಮ್ಮವರಂತೆ ಕಂಡರು. ಮೊದಲ ಕಾದಂಬರಿ 1929ರಲ್ಲಿ ಬಂತು, ಹೆಚ್ಚು ಮಾರಾಟವಾಗಲಿಲ್ಲ. 1930ರಲ್ಲಿ ಕ್ಯಾರಲ್ ಹೆನ್ನಿಂಗ್ ಅವರನ್ನು ಮದುವೆಯಾದರು. ತಂದೆಯ ಚಿಕ್ಕ ಮನೆಯಲ್ಲಿ, ತಂದೆ ಕೊಡುತ್ತಿದ್ದ ಅಲ್ಪ ಹಣದಲ್ಲಿ ಇಬ್ಬರೂ ಬದುಕಿದರು. 1935ರಲ್ಲಿ ಬಂದ 'ಟಾರ್ಟಿಲಾ ಫ್ಲ್ಯಾಟ್' ಅವರಿಗೆ ಮೊದಲ ಸಲ ಹೆಸರು, ಹಣ ಎರಡನ್ನೂ ಕೊಟ್ಟಿತು.

ಆ ಹೊತ್ತಿಗೆ ಅಮೆರಿಕ ದೊಡ್ಡ ಸಂಕಷ್ಟದಲ್ಲಿತ್ತು. 1929ರ ಆರ್ಥಿಕ ಕುಸಿತದ ನಂತರ ಬೆಳೆಗೆ ಬೆಲೆ ಇರಲಿಲ್ಲ. ಮೇಲಿಂದ ಬರಗಾಲ, ಧೂಳಿನ ಬಿರುಗಾಳಿ. ಸಾಲ ತೀರದ ಜಮೀನು ಬ್ಯಾಂಕುಗಳ ಪಾಲಾಯಿತು. ಟ್ರ್ಯಾಕ್ಟರ್ ಬಂದ ಮೇಲೆ ಪಾಲಿಗೆ ಉಳುವವರು ಯಾರಿಗೂ ಬೇಡವಾದರು. ಒಕ್ಲಹೋಮಾ ಮತ್ತು ಅಕ್ಕಪಕ್ಕದ ರಾಜ್ಯಗಳಿಂದ 3 ಲಕ್ಷಕ್ಕೂ ಹೆಚ್ಚು ಜನ ಹಳೆಯ ಕಾರುಗಳ ಮೇಲೆ ಹಾಸಿಗೆ, ಪಾತ್ರೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟರು. ಅಲ್ಲಿ ಅವರನ್ನು ಓಕಿಗಳು ಎಂದು ಹಂಗಿಸಿದರು. 1936ರಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸರು ರಾಜ್ಯದ ಗಡಿಗೇ ಹೋಗಿ ನಿಂತು ಕೈಯಲ್ಲಿ ಹಣವಿಲ್ಲದವರನ್ನು ತಡೆದು ಹಿಂದಕ್ಕೆ ಕಳಿಸಿದರು. ಹಾಗೆ ಬಂದವರೂ ಅದೇ ದೇಶದ ಪ್ರಜೆಗಳು. ನಾನು ತರಗತಿಯಲ್ಲಿ ಹೇಳಿದ್ದನ್ನು ಅವರು ಆಗಲೇ ಮಾಡಿ ಮುಗಿಸಿದ್ದರು.

ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪತ್ರಿಕೆ ಈ ವಲಸೆಗಾರರ ಬಗ್ಗೆ ಬರೆಯಲು ಸ್ಟೈನ್‌ಬೆಕ್ ಅವರನ್ನು ಕೇಳಿತು. ಅವರು ಮೇಜಿನ ಮುಂದೆ ಕೂತು ಬರೆಯಲಿಲ್ಲ. ಹಳೆಯ ವ್ಯಾನೊಂದರಲ್ಲಿ ಹೊರಟರು. ಆರ್ವಿನ್ ಎಂಬಲ್ಲಿ ಸರ್ಕಾರ ವಲಸೆಗಾರರಿಗಾಗಿ ನಡೆಸುತ್ತಿದ್ದ ಶಿಬಿರಕ್ಕೆ ಹೋದರು. ಅಲ್ಲಿನ ಮೇಲ್ವಿಚಾರಕ ಟಾಮ್ ಕಾಲಿನ್ಸ್ ತಾವು ಬರೆದಿಟ್ಟ ವರದಿಗಳನ್ನು ತೋರಿಸಿದರು, ಜೊತೆಗೆ ಸುತ್ತಾಡಿಸಿದರು. ಅಕ್ಟೋಬರ್‌ನಲ್ಲಿ 7 ಲೇಖನಗಳು ಪ್ರಕಟವಾದವು. 1938ರ ಆರಂಭದಲ್ಲಿ ವೈಸೇಲಿಯಾ ಬಳಿ ನೆರೆ ಬಂದು ಸಾವಿರಾರು ವಲಸೆ ಕುಟುಂಬಗಳು ನೀರಿನಲ್ಲಿ ಸಿಕ್ಕು ಉಪವಾಸ ಬಿದ್ದಾಗ ಸ್ಟೈನ್‌ಬೆಕ್ ಮತ್ತೆ ಹೋದರು. ಆಮೇಲೆ ಮೇ ತಿಂಗಳ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ, ಬರೀ ಐದು ತಿಂಗಳಲ್ಲಿ, ಈ ದೊಡ್ಡ ಕಾದಂಬರಿಯನ್ನು ಕೈಯಲ್ಲಿ ಬರೆದರು. ಅದನ್ನು ಟೈಪ್ ಮಾಡಿದವರು, ಅದಕ್ಕೆ ಹೆಸರು ಸೂಚಿಸಿದವರು ಕ್ಯಾರಲ್. ಪುಸ್ತಕದ ಅರ್ಪಣೆಯಲ್ಲಿ ಕ್ಯಾರಲ್ ಮತ್ತು ಟಾಮ್ ಇಬ್ಬರೂ ಇದ್ದಾರೆ.

ಕಥೆ ಜೋಡ್ ಎಂಬ ಕುಟುಂಬದ್ದು. ಜೈಲಿನಿಂದ ಬಿಡುಗಡೆಯಾದ ಮಗ ಟಾಮ್ ಮನೆಗೆ ಬಂದರೆ ಮನೆ ಖಾಲಿ. ಜಮೀನು ಹೋಗಿದೆ. ಕ್ಯಾಲಿಫೋರ್ನಿಯಾದಲ್ಲಿ ಹಣ್ಣು ಬಿಡಿಸಲು ಆಳು ಬೇಕು ಎಂಬ ಕರಪತ್ರ ನಂಬಿ ಎಲ್ಲರೂ ಹೊರಡುತ್ತಾರೆ. ದಾರಿಯಲ್ಲೇ ಅಜ್ಜ ತೀರಿಕೊಳ್ಳುತ್ತಾರೆ, ಊರು ಮುಟ್ಟುವಷ್ಟರಲ್ಲಿ ಅಜ್ಜಿಯೂ. ಸಂಸಾರ ಒಡೆಯದಂತೆ ಹಿಡಿದಿಡುವವರು ತಾಯಿ.

ನಮ್ಮ ಪಠ್ಯದ ಬೇಡಿಕೆ ಮತ್ತು ಪೂರೈಕೆಯ ಪಾಠ ನನಗೆ ನಿಜವಾಗಿ ಅರ್ಥವಾದದ್ದು ಈ ಪುಸ್ತಕದಲ್ಲಿ. ನೂರಾರು ಆಳು ಸಾಕಾಗುವ ಕಡೆ ಸಾವಿರಾರು ಕರಪತ್ರ ಹಂಚುತ್ತಾರೆ. ಹಸಿದವರು ಹೆಚ್ಚು ಬಂದಷ್ಟೂ ಕೂಲಿ ಇಳಿಯುತ್ತದೆ. ಜೋಡ್ ಕುಟುಂಬ ಒಂದು ತೋಟದಲ್ಲಿ ಪೀಚ್ ಹಣ್ಣು ಬಿಡಿಸುತ್ತದೆ. ಪೆಟ್ಟಿಗೆಗೆ 5 ಸೆಂಟ್. ಗೇಟಿನ ಹೊರಗೆ ಮುಷ್ಕರ ಹೂಡಿದವರಿಗೆ ಮೊದಲು ಕೊಡಲು ಬಂದದ್ದು ಎರಡೂವರೆ ಸೆಂಟ್. ಮುಷ್ಕರ ಮುರಿಯಲೆಂದೇ ತಮ್ಮನ್ನು ಒಳಗೆ ಬಿಟ್ಟಿದ್ದಾರೆ ಎಂಬುದು ಈ ಕುಟುಂಬಕ್ಕೆ ಗೊತ್ತೇ ಇಲ್ಲ! ಮನೆಮಂದಿಯೆಲ್ಲ ಬಿಡಿಸಿದ ಹಣ್ಣಿಗೆ ಸಿಕ್ಕ ಒಂದು ಡಾಲರ್ ಅದೇ ಮಾಲೀಕರ ಅಂಗಡಿಯಲ್ಲಿ, ಹೊರಗಿಗಿಂತ ಹೆಚ್ಚಿನ ಬೆಲೆಗೆ, ಒಂದೇ ರಾತ್ರಿಯ ಊಟಕ್ಕೆ ಮುಗಿಯುತ್ತದೆ. ಸಕ್ಕರೆಗೆ ಹತ್ತು ಸೆಂಟ್ ಕಡಿಮೆ ಬಿದ್ದಾಗ ಅಂಗಡಿಯ ಗುಮಾಸ್ತ ಹೆದರುತ್ತಲೇ ತನ್ನ ಜೇಬಿನಿಂದ ಹಾಕುತ್ತಾನೆ. ಆ ಪುಟವನ್ನು ನಾನು ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. ಅಮ್ಮಿ ಕಣ್ಣು ಒರೆಸಿಕೊಂಡರು.

ಪುಸ್ತಕ ಹೊರಬಂದದ್ದು 1939ರ ಏಪ್ರಿಲ್ 14ರಂದು. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾದಂಬರಿ ಇದೇ. ಓದಿದವರು ಎರಡು ಭಾಗವಾದರು. ದೊಡ್ಡ ಜಮೀನುದಾರರ ಸಂಘ ಇದೆಲ್ಲ ಸುಳ್ಳು ಎಂದಿತು. ಪುಸ್ತಕ ಅಶ್ಲೀಲ ಎಂದರು ಕೆಲವರು. ಒಕ್ಲಹೋಮಾದ ಒಬ್ಬ ಸಂಸದರು ಅಲ್ಲಿನ ಸಂಸತ್ತಿನಲ್ಲೇ ಖಂಡಿಸಿದರು. ಜೋಡ್ ಕುಟುಂಬ ಬಂದು ಸೇರುವುದು ಕರ್ನ್ ಕೌಂಟಿಗೆ. ಆ ಕೌಂಟಿಯ ಆಡಳಿತ ಮಂಡಳಿ ಆಗಸ್ಟ್ 21ರಂದು, ನಾಲ್ಕು ಮತಕ್ಕೆ ಒಂದು ಮತದಂತೆ, ಶಾಲೆ ಮತ್ತು ಗ್ರಂಥಾಲಯಗಳಲ್ಲಿ ಪುಸ್ತಕವನ್ನು ನಿಷೇಧಿಸಿತು. ಬೇಕರ್ಸ್‌ಫೀಲ್ಡ್ ಪಟ್ಟಣದಲ್ಲಿ ಫೋಟೋ ತೆಗೆಸಿಕೊಂಡು ಪುಸ್ತಕ ಸುಟ್ಟರು. ಹಚ್ಚಿಸಿದವರು ಜಮೀನುದಾರರು, ಬೆಂಕಿ ಹಚ್ಚಿದ ಕೈ ಒಬ್ಬ ಕೂಲಿಯದು. ಅವನು ಪುಸ್ತಕ ಓದಿರಲಿಲ್ಲ. ಇದು ನನ್ನ ಮನಸ್ಸಿಗೆ ಬಹಳ ನಾಟಿತು.

ಆ ಕೌಂಟಿಯ ಗ್ರಂಥಪಾಲಕಿ ಗ್ರೆಚೆನ್ ನೀಫ್ ಸುಮ್ಮನಿರಲಿಲ್ಲ. ಕೆಲಸ ಹೋಗುವ ಭಯವಿದ್ದರೂ ಆಡಳಿತ ಮಂಡಳಿಗೆ ಪತ್ರ ಬರೆದು, ಪುಸ್ತಕ ನಿಷೇಧಿಸಿದರೆ ಅದರೊಳಗಿನ ವಿಚಾರ ಸಾಯುವುದಿಲ್ಲ ಎಂದು ತಿಳಿಸಿದರು. ಆದೇಶ ಪಾಲಿಸಲೇಬೇಕಾದಾಗ ಆ ಪ್ರತಿಗಳನ್ನು ಬೇರೆ ಊರಿನ ಗ್ರಂಥಾಲಯಗಳಿಗೆ ಕೊಡಲು ಮುಂದಾದರು. ನಿಷೇಧ ತೆಗೆದದ್ದು 1941ರ ಜನವರಿಯಲ್ಲಿ. ಇನ್ನೊಬ್ಬ ಓದುಗರು ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್. ಪುಸ್ತಕವನ್ನು ಹೊಗಳಿ ಸುಮ್ಮನಾಗದೆ 1940ರಲ್ಲಿ ಕ್ಯಾಲಿಫೋರ್ನಿಯಾದ ಶಿಬಿರಗಳಿಗೆ ಸ್ವತಃ ಹೋಗಿ ನೋಡಿದರು. ಸ್ಟೈನ್‌ಬೆಕ್ ಉತ್ಪ್ರೇಕ್ಷೆ ಮಾಡಿಲ್ಲ ಎಂದು ಬಹಿರಂಗವಾಗಿ ತಿಳಿಸಿದರು. ಅದೇ ವರ್ಷ ಪುಸ್ತಕಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು, ಜಾನ್ ಫೋರ್ಡ್ ನಿರ್ದೇಶನದ ಸಿನಿಮಾವೂ ಬಂತು.

ಪುಸ್ತಕದಲ್ಲಿ ತಪ್ಪೇ ಇಲ್ಲ ಎಂದಲ್ಲ. ಜೋಡ್ ಕುಟುಂಬದ ಊರು ಧೂಳಿನ ಬಿರುಗಾಳಿಯ ನಿಜವಾದ ಸೀಮೆಯಲ್ಲಿಲ್ಲ ಎಂದು ಓದುಗರು ತೋರಿಸಿದ್ದಾರೆ. ಅದೇ ತೋಟಗಳಲ್ಲಿ ಮೊದಲಿನಿಂದ ದುಡಿದ ಮೆಕ್ಸಿಕೋ, ಫಿಲಿಪೀನ್ಸ್ ಮೂಲದ ಕೂಲಿಗಳು ಕಥೆಯಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಸನೋರಾ ಬಾಬ್ ಎಂಬ ಲೇಖಕಿ ಅದೇ ಶಿಬಿರಗಳಲ್ಲಿ ದುಡಿದು ಅದೇ ವಿಷಯದ ಮೇಲೆ ಕಾದಂಬರಿ ಬರೆದಿದ್ದರು. ಸ್ಟೈನ್‌ಬೆಕ್ ಪುಸ್ತಕ ಬಂದಾಗ, ಇನ್ನೊಂದಕ್ಕೆ ಮಾರುಕಟ್ಟೆ ಇಲ್ಲವೆಂದು ಪ್ರಕಾಶಕರು ಕೈಬಿಟ್ಟರು. ಅದು ಅಚ್ಚಾದದ್ದು 2004ರಲ್ಲಿ.

ಸ್ಟೈನ್‌ಬೆಕ್ ಅವರಿಗೆ ಖ್ಯಾತಿಯ ಜೊತೆ ಬೆದರಿಕೆಗಳೂ ಬಂದವು. ಕ್ಯಾರಲ್ ಜೊತೆಗಿನ ಮದುವೆ ಮುರಿಯಿತು. ಎರಡನೆಯ ಮದುವೆಯಿಂದ ಇಬ್ಬರು ಗಂಡು ಮಕ್ಕಳಾದರು, ಅದೂ ಉಳಿಯಲಿಲ್ಲ. 1950ರಲ್ಲಿ ಎಲೇನ್ ಅವರನ್ನು ಮದುವೆಯಾದರು. 1952ರಲ್ಲಿ 'ಈಸ್ಟ್ ಆಫ್ ಈಡನ್' ಬಂತು. 1962ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಅದಕ್ಕೆ ನೀವು ಅರ್ಹರೇ ಎಂದು ಪತ್ರಕರ್ತರು ಕೇಳಿದರು. ಅಲ್ಲ ಎಂದುಬಿಟ್ಟರು. ಕೊನೆಯ ವರ್ಷಗಳಲ್ಲಿ ವಿಯೆಟ್ನಾಂ ಯುದ್ಧಭೂಮಿಯಿಂದ ಬರೆದ ವರದಿಗಳು ಅವರ ಹಳೆಯ ಅಭಿಮಾನಿಗಳನ್ನೇ ನೋಯಿಸಿದವು. 1968ರ ಡಿಸೆಂಬರ್ 20ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಸಲೀನಾಸ್‌ಗೆ ತಂದು ಹೂಳಿದರು. ಆ ಊರಿನ ಗ್ರಂಥಾಲಯಕ್ಕೆ ಈಗ ಅವರದೇ ಹೆಸರಿದೆ.

ಪುಸ್ತಕ ಮುಗಿದ ಮೇಲೆ ಒಂದು ಭಾನುವಾರ ಅಬ್ಬುವಿಗೆ ಊಟದ ಡಬ್ಬಿ ಕೊಡಲು ಕಟ್ಟಡಕ್ಕೆ ಹೋದೆ. ತಗಡಿನ ಶೆಡ್ಡಿನಲ್ಲಿ ಆ ಹುಡುಗರು ಅನ್ನ ಬೇಯಿಸುತ್ತಿದ್ದರು. ಒಬ್ಬ ನನ್ನದೇ ವಯಸ್ಸಿನವನು. ಅವನ ಹಿಂದಿ ನನಗೆ, ನನ್ನ ಉರ್ದು ಅವನಿಗೆ ಪೂರ್ತಿ ಅರ್ಥವಾಯಿತು. ಇಷ್ಟು ಸುಲಭವಾಗಿ ಮಾತಾಡಬಹುದಾಗಿದ್ದರೂ ಇಷ್ಟು ದಿನ ಒಂದು ಮಾತೂ ಆಡಿರಲಿಲ್ಲ ಎಂದು ನಾಚಿಕೆಯಾಯಿತು. ರೈಲಿನ ಚಾರ್ಜು ಅವನ ಕೂಲಿಯಲ್ಲೇ ಮುರಿದುಕೊಳ್ಳುತ್ತಾರಂತೆ. ಇಲ್ಲಿನ ಜನ ಕೆಲಸಕ್ಕೆ ಬರುವುದಿಲ್ಲ, ಅದಕ್ಕೇ ನಿಮ್ಮನ್ನು ಕರೆಸಿದ್ದು ಎಂದು ಅವನಿಗೆ ಹೇಳಿದ್ದಾರಂತೆ. ಅಬ್ಬುವಿಗೆ ಹೇಳಿದ್ದು, ಅವರೇ ಕಡಿಮೆ ಕೂಲಿಗೆ ನಾವು ಬರುತ್ತೇವೆ ಎಂದು ಗೋಗರೆದರು ಎಂದು! ಎರಡನ್ನೂ ಹೇಳಿದ ಬಾಯಿ ಒಂದೇ.

ಆ ಸಂಜೆ ಅಬ್ಬುವಿಗೆ ಪೀಚ್ ಹಣ್ಣಿನ ತೋಟದ ಕಥೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಮುಂದಿನ ಬಟವಾಡೆಯ ದಿನ ಅವರೂ ಆ ಹುಡುಗರೂ ಒಟ್ಟಿಗೆ ಹೋಗಿ ಎಲ್ಲರಿಗೂ ಒಂದೇ ಕೂಲಿ ಕೊಡಿ ಎಂದು ಕೇಳಿದರು. ಸ್ವಲ್ಪ ಏರಿದೆ. ಹಳೆಯ ಮಟ್ಟಕ್ಕೆ ಇನ್ನೂ ಬಂದಿಲ್ಲ. ನನ್ನ ಟ್ಯೂಷನ್ ಇನ್ನೂ ಶುರುವಾಗಿಲ್ಲ.

ಗೆಳೆಯರೇ, ಸ್ಟೈನ್‌ಬೆಕ್ ಬರೆಯುವ ಮೊದಲು ಹೋಗಿ ನೋಡಿದರು. ನಾನು ನೋಡುವ ಮೊದಲೇ ಮಾತಾಡಿದೆ. ಅಂದು ತರಗತಿಯಲ್ಲಿ ಎದ್ದು ನಿಂತು ಹೇಳಿದ ಮಾತನ್ನು ಇಂದು ಇಲ್ಲಿ ಬರೆದು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಚಪ್ಪಾಳೆ ತಟ್ಟಿದವರು ಆ ಚಪ್ಪಾಳೆಯನ್ನೂ ವಾಪಸ್ ತೆಗೆದುಕೊಳ್ಳಿ. ಪುಸ್ತಕವನ್ನು ಲೈಬ್ರರಿಗೆ ಹಿಂತಿರುಗಿಸಿದ್ದೇನೆ. ದಪ್ಪ ಇದೆ ಎಂದು ಹೆದರಬೇಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ