ಅಬ್ಬೆ ದುಬಾಯ್

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯುರೋಪಿನ ಪಾದ್ರಿಯೊಬ್ಬರು ಸಂಚರಿಸುತ್ತಿದ್ದರು. ಅವರ ಉಡುಪು ಈ ನಾಡಿನದು, ತಲೆಗೆ ರುಮಾಲು, ಊಟ, ವಾಸಗಳೂ ಇಲ್ಲಿನ ಜನರಂತೆಯೇ. ಹಾಸನದ ಕಡೆಯ ಕ್ರೈಸ್ತರು ಅವರನ್ನು ದೊಡ್ಡ ಸ್ವಾಮಿಯವರೆಂದು ಗೌರವದಿಂದ ಕರೆಯುತ್ತಿದ್ದರು. ಅವರೇ ಫ್ರಾನ್ಸ್ ದೇಶದ ಜೀನ್ ಆಂಟ್ವಾನ್ ದುಬಾಯ್. ಅಬ್ಬೆ ಎಂಬುದು ಫ್ರೆಂಚರು ಗುರುಗಳಿಗೆ ಸಲ್ಲಿಸುವ ಗೌರವಸೂಚಕ ಪದ.

ಫ್ರಾನ್ಸಿನಲ್ಲಿ ಮಹಾಕ್ರಾಂತಿ ನಡೆದಿದ್ದ ಕಾಲದಲ್ಲಿ, 1792ರಲ್ಲಿ, ಗುರುದೀಕ್ಷೆ ಪಡೆದ ದುಬಾಯ್ ಅವರು ಅದೇ ವರ್ಷ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಮೈಸೂರು ಸಂಸ್ಥಾನಕ್ಕೆ ಬಂದರು. ಹಾಸನ ಸೀಮೆಯಲ್ಲಿ ಬಡವರಿಗಾಗಿ ಬೇಸಾಯದ ನೆಲೆಯನ್ನು ಸ್ಥಾಪಿಸಿದರು. ಸಿಡುಬು ಊರೂರುಗಳನ್ನೇ ಬರಿದು ಮಾಡುತ್ತಿದ್ದ ಆ ಕಾಲದಲ್ಲಿ, 1803–04ರ ಸುಮಾರಿಗೆ, 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. ಇಲ್ಲಿನ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 2,000 ವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರ ಬಹುಭಾಗಕ್ಕೆ ಅವರಿಗಿಂತ ಹಿಂದೆ ಇಲ್ಲಿದ್ದ ಕೂರ್ದೂ ಎಂಬ ಪಾದ್ರಿಯ ಬರಹವೇ ಆಧಾರವೆಂದು ವಿದ್ವಾಂಸರು ಈಚೆಗೆ ತೋರಿಸಿದ್ದಾರೆ.

ಇಷ್ಟೆಲ್ಲ ಸೇವೆ ಸಲ್ಲಿಸಿದರೂ ದುಬಾಯ್ ಅವರ ಮನಸ್ಸಿಗೆ ತೃಪ್ತಿಯಿರಲಿಲ್ಲ. ಅವರು ಕಡಲು ದಾಟಿ ಬಂದುದು ಜನರನ್ನು ಕ್ರಿಸ್ತನ ವಿಶ್ವಾಸಕ್ಕೆ ಕರೆತಂದು, ಆ ಮೂಲಕ ಅವರಿಗೆ ರಕ್ಷಣೆಯ ದಾರಿಯನ್ನು ತೋರಿಸುವುದಕ್ಕಾಗಿ. ಕ್ರೈಸ್ತ ತತ್ತ್ವದಂತೆ ಮನುಷ್ಯನು ತನ್ನ ಸ್ವಂತ ಬಲದಿಂದ ರಕ್ಷಣೆ ಹೊಂದಲಾರ. ಅದು ದೇವರ ಕೃಪೆಯಿಂದ ದೊರೆಯತಕ್ಕದ್ದು. ವಿಶ್ವಾಸವು ಕೇಳುವುದರಿಂದ ಹುಟ್ಟುತ್ತದೆ; ಆದ್ದರಿಂದ ಬೋಧಕನು ಬೇಕು. ಆದರೆ ವಿಶ್ವಾಸವೂ ದೇವರ ವರವೇ. ಆದ್ದರಿಂದ ಯಾವ ಬೋಧಕನೂ ಅದನ್ನು ಇನ್ನೊಬ್ಬರ ಹೃದಯದಲ್ಲಿ ತಾನಾಗಿ ಹುಟ್ಟಿಸಲಾರ. ಈ ಎರಡು ಮಾತುಗಳ ನಡುವೆ ದುಬಾಯ್ ಅವರ ಬಾಳು ಸಾಗಿತು.

ಅವರು ತಮ್ಮ ದುಡಿಮೆಯ ಲೆಕ್ಕವನ್ನು ತಾವೇ ನಿಷ್ಠುರವಾಗಿ ಹಾಕಿದರು. ಸುಮಾರು 25 ವರ್ಷಗಳಲ್ಲಿ ತಮ್ಮಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಮಂದಿ ಮಾತ್ರ. ಅವರಲ್ಲಿಯೂ ಯಾವ ಲಾಭವನ್ನೂ ಬಯಸದೆ, ಮನಃಪೂರ್ವಕವಾಗಿ ನಂಬಿ ಬಂದವರೆಂದು ಹೇಳಬಹುದಾದ ಒಬ್ಬರೂ ನೆನಪಿಗೆ ಬಾರರೆಂದು ಒಪ್ಪಿಕೊಂಡರು. ಹೊಟ್ಟೆಪಾಡಿಗಾಗಿ ಹೇಳಿದ ನಂಬಿಕೆಯನ್ನು ಅವರು ನಂಬಿಕೆಯೆಂದು ಎಣಿಸಲಿಲ್ಲ. ಇಲ್ಲಿದ್ದ ಯುರೋಪಿಯನ್ನರ ದುರ್ನಡತೆಯೂ ಕ್ರೈಸ್ತ ಬೋಧನೆಗೆ ಅಡ್ಡಿಯಾಯಿತೆಂದು ಬರೆಯಲು ಹಿಂಜರಿಯಲಿಲ್ಲ. ಹಿಂದೂಗಳ ಮತಾಂತರ ಮನುಷ್ಯಪ್ರಯತ್ನದಿಂದ ಸಾಧ್ಯವಿಲ್ಲವೆಂಬ ನಿರ್ಣಯಕ್ಕೆ ಬಂದು, ಆ ಅಭಿಪ್ರಾಯವನ್ನು ಪತ್ರಗಳ ರೂಪದಲ್ಲಿ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು.

ಈ ಪತ್ರಗಳು ಮಿಷನರಿಗಳಲ್ಲಿ ದೊಡ್ಡ ಕೋಲಾಹಲವನ್ನು ಎಬ್ಬಿಸಿದವು. ಮದರಾಸಿನಲ್ಲಿ ಕಂಪನಿಯ ಪಾದ್ರಿಯಾಗಿದ್ದ ಜೇಮ್ಸ್ ಹಫ್ ಅವರು ಮರುವರ್ಷವೇ ಉತ್ತರ ಬರೆದರು. ಫಲವು ದೇವರ ಕೈಯಲ್ಲಿದ್ದರೆ ಬಿತ್ತುವವನು ನಿರಾಶನಾಗಿ ಕೈಚೆಲ್ಲುವುದು ಸರಿಯೇ ಎಂಬುದು ಎದುರು ಪಕ್ಷದವರ ಪ್ರಶ್ನೆ. ಅದು ಸುಲಭವಾಗಿ ತಳ್ಳಿಹಾಕುವಂತಹ ಪ್ರಶ್ನೆಯಲ್ಲ. ದುಬಾಯ್ ಅವರ ನಿರ್ಣಯವನ್ನು ಮುಂದಿನ ಕಾಲ ಪೂರ್ತಿಯಾಗಿ ಸಮರ್ಥಿಸಲೂ ಇಲ್ಲ. ಕ್ರೈಸ್ತ ಧರ್ಮವು ಕನ್ನಡ ನಾಡಿನಲ್ಲಿ ಬೇರೂರಿ ಉಳಿದಿದೆ. ನಮ್ಮ ಆಚಾರಗಳನ್ನು ಕುರಿತ ಅವರ ಮಾತುಗಳೂ ಹಲವೆಡೆ ಕಠೋರವಾಗಿವೆ.

1823ರಲ್ಲಿ ಭಾರತವನ್ನು ಬಿಟ್ಟ ದುಬಾಯ್ ಅವರು ಮತ್ತೆ ಇಲ್ಲಿಗೆ ಬರಲಿಲ್ಲ. ಆದರೆ ಈ ದೇಶವನ್ನು ಮರೆಯಲಿಲ್ಲ. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. ತಮ್ಮನ್ನು ಕಳುಹಿಸಿದ ಪ್ಯಾರಿಸಿನ ಮಿಷನ್ ಸಂಸ್ಥೆಗೆ ಕೆಲಕಾಲ ಮುಖ್ಯಸ್ಥರಾಗಿದ್ದು, 1848ರಲ್ಲಿ ತೀರಿಕೊಂಡರು.

ಬಾಳೆಲ್ಲ ದುಡಿದವನಿಗೆ ತನ್ನ ದುಡಿಮೆ ಫಲಿಸಲಿಲ್ಲವೆಂದು ಒಪ್ಪಿಕೊಳ್ಳುವುದು ಸುಲಭವಲ್ಲ. ದುಬಾಯ್ ಅವರು ಅದನ್ನು ಲೋಕದ ಮುಂದೆ ಒಪ್ಪಿಕೊಂಡರು. ಆದರೂ ತಮ್ಮ ವಿಶ್ವಾಸವನ್ನಾಗಲಿ, ತಮ್ಮನ್ನು ನಂಬಿದ ಜನರ ಸೇವೆಯನ್ನಾಗಲಿ ಅವರು ಕೈಬಿಡಲಿಲ್ಲ. ಬಲವಂತ, ಆಮಿಷಗಳಿಂದ ನಂಬಿಕೆಯನ್ನು ಪಡೆಯಲಾಗದೆಂಬ ಪಾಠವನ್ನು ಅವರ ಜೀವನ ನಮಗೆ ತಿಳಿಸುತ್ತದೆ.