ಸರ್ ಸಿ. ವಿ. ರಾಮನ್ ಮತ್ತು ಬೆಣಚುಕಲ್ಲಿನ ಹರಳು

ಸರ್ ಸಿ. ವಿ. ರಾಮನ್ ಎಂದೊಡನೆ ನಮಗೆ ನೆನಪಾಗುವುದು 1928ನೆಯ ಇಸವಿಯ ಫೆಬ್ರವರಿ 28 ಮತ್ತು 1930ರ ನೊಬೆಲ್ ಪಾರಿತೋಷಕ. ಶಾಲೆಯ ಪುಸ್ತಕಗಳು ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತವೆ. ಪಾರಿತೋಷಕ ಬಂದಾಗ ಅವರಿಗಿನ್ನೂ ನಲವತ್ತೆರಡು ವರ್ಷ. ಅದಾದ ಮೇಲೆ ನಲವತ್ತು ವರ್ಷ ಬದುಕಿದರು. ಅದರಲ್ಲಿ ಮೂವತ್ತೇಳು ವರ್ಷ ನಮ್ಮ ಬೆಂಗಳೂರಿನಲ್ಲಿ ನೆಲೆಸಿದ್ದರು. ಆ ಕಾಲದ ಒಂದು ಕೆಲಸವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಆಸೆ. ನಾನು ಬಿ.ಎ. ವಿದ್ಯಾರ್ಥಿ, ಗಣಿತದ ಗೋಜಿಗೆ ಹೋಗುವುದಿಲ್ಲ.

ರಾಮನ್ನರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದರು. ತಂದೆ ಚಂದ್ರಶೇಖರ ಅಯ್ಯರ್ ಅಧ್ಯಾಪಕರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಹಗಲು ಕಚೇರಿಯ ಲೆಕ್ಕ, ಉಳಿದ ವೇಳೆಯಲ್ಲಿ ಬೌಬಜಾರಿನ ಪ್ರಯೋಗಶಾಲೆ. 1917ರಲ್ಲಿ ದೊಡ್ಡ ಸಂಬಳದ ಆ ಹುದ್ದೆಯನ್ನು ಬಿಟ್ಟು ಪ್ರಾಧ್ಯಾಪಕರಾದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅಲ್ಲಿ ಮನಸ್ತಾಪಗಳು ಬೆಳೆದು 1937ರಲ್ಲಿ ಆ ಪದವಿ ಹೋಯಿತು, ಪ್ರಾಧ್ಯಾಪಕರಾಗಿ ಉಳಿದರು. ಅಧಿಕಾರ ಹೋದದ್ದು ಒಳ್ಳೆಯದೇ ಆಯಿತೆಂದು ನನಗೆ ತೋರುತ್ತದೆ, ಏಕೆಂದರೆ ಮುಂದಿನ ವರ್ಷಗಳು ಹರಳುಗಳಿಗೆ ಮೀಸಲಾದವು.

ಬೆಣಚುಕಲ್ಲು ನಮ್ಮ ಸೀಮೆಯಲ್ಲಿ ಯಾರೂ ಬೆಲೆ ಕೊಡದ ವಸ್ತು. ಮುಡುಕುತೊರೆಯ ಬೆಟ್ಟದ ಕೆಳಗೆ ಕಾವೇರಿ ತಿರುಗುವಲ್ಲಿ ಕಾಲಿಗೆ ಸಿಕ್ಕುವ ಮರಳೂ, ತಲಕಾಡಿನ ಗುಡಿಗಳನ್ನು ಮುಚ್ಚಿದ ಮರಳೂ ಬಹುಪಾಲು ಅದರ ಚೂರೇ. ಅದನ್ನು ಸುಮಾರು 575 ಡಿಗ್ರಿ ಸೆಲ್ಷಿಯಸ್ಸಿಗೆ ಕಾಯಿಸಿದರೆ, ಕರಗದೆಯೇ ಒಳಗಿನ ಅಣುಗಳ ಜೋಡಣೆ ಬದಲಾಗುತ್ತದೆ. ಏಕೆ ಬದಲಾಗುತ್ತದೆ? ರಾಮನ್ನರೂ ಅವರ ಶಿಷ್ಯ ಟಿ. ಎಂ. ಕೆ. ನೆಡುಂಗಾಡಿಯವರೂ ಹರಳನ್ನು ಕಾಯಿಸುತ್ತ, ಅದರಿಂದ ಚೆದುರಿದ ಬೆಳಕಿನ ರೋಹಿತವನ್ನು ಪರೀಕ್ಷಿಸಿದರು. ರೋಹಿತದ ಒಂದೊಂದು ಗೆರೆಯೂ ಅಣುಗಳ ಒಂದೊಂದು ಬಗೆಯ ಕಂಪನದ ಗುರುತು. ಕಾವು ಏರಿದಂತೆಲ್ಲ ಒಂದು ಗೆರೆ ಮಾತ್ರ ಸ್ಥಾನ ಬಿಟ್ಟು ಸರಿಯುತ್ತ, ಅಗಲವಾಗುತ್ತ, ಮಸುಕಾಯಿತು. ಆ ಒಂದು ಕಂಪನ ಸಡಿಲವಾಗುತ್ತಿದೆ, ಹರಳು ರೂಪ ಬದಲಿಸುವುದಕ್ಕೆ ಅದೇ ಮೂಲ ಎಂದು ಅವರು 1940ರಲ್ಲಿ ಪ್ರಕಟಿಸಿದರು. ಆಗ ಜಗತ್ತಿನಲ್ಲಿ ಯುದ್ಧ. ಆ ಪುಟ್ಟ ಲೇಖನಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ.

ಅದರ ಬೆಲೆ ಗೊತ್ತಾದದ್ದು ಬೇರೊಂದು ಬಗೆಯ ಹರಳುಗಳಿಂದ. 1920ರಲ್ಲಿ ಅಮೆರಿಕದ ವಾಲಾಸೆಕ್ ಎಂಬುವರು ರೋಶೆಲ್ ಲವಣದಲ್ಲಿ ಕಂಡ ಗುಣವನ್ನು ಫೆರೋಎಲೆಕ್ಟ್ರಿಕ್ ಎನ್ನುತ್ತಾರೆ. ಬೇರಿಯಂ ಟೈಟನೇಟನ್ನು ತೆಗೆದುಕೊಳ್ಳಿ. ಸುಮಾರು 120 ಡಿಗ್ರಿಗಿಂತ ತಣಿದಾಗ ಅದರ ಟೈಟೇನಿಯಂ ಕಣಗಳು ನಡುವಿನಿಂದ ಒಂದು ಪಕ್ಕಕ್ಕೆ ವಾಲಿ, ಹರಳಿಗೆ ತಾನಾಗಿ ಧನ ಋಣ ತುದಿಗಳು ಬರುತ್ತವೆ. ಎಲ್ಲವೂ ಒಂದೇ ಕಡೆಗೆ ವಾಲಿದರೆ ಮೇಲೆ ಕೆಳಗೆ ವಿದ್ಯುತ್ ಶೇಖರವಾಗಿ ಆ ವಾಲುವಿಕೆಯನ್ನೇ ಎದುರಿಸುತ್ತದೆ. ಆದ್ದರಿಂದ ಹರಳು ನಮ್ಮ ಗದ್ದೆಬಯಲಿನಂತೆ ತಾಕುಗಳಾಗಿ ಒಡೆಯುತ್ತದೆ. ಒಂದು ತಾಕು ಮೇಲ್ಮುಖ, ಪಕ್ಕದ್ದು ಕೆಳಮುಖ, ನಡುವೆ ಬದು. ಇವಕ್ಕೆ ಡೊಮೇನುಗಳೆಂದು ಹೆಸರು. ಬೆಣಚುಕಲ್ಲು ಫೆರೋಎಲೆಕ್ಟ್ರಿಕ್ ಅಲ್ಲ, ಆದರೂ ತಣಿಯುವಾಗ ಅದೂ ಎರಡು ಬಗೆಯ ತಾಕುಗಳಾಗಿ ಒಡೆಯುವುದುಂಟು. ಹರಳಿನ ಪದರ ತೆಳುವಾದಷ್ಟೂ ತಾಕು ಕಿರಿದು: ದಪ್ಪ ಕಾಲುಭಾಗವಾದರೆ ತಾಕಿನ ಅಗಲ ಅರ್ಧವಾಗುತ್ತದೆ. ಮೀಟರಿನ ನೂರು ಕೋಟಿಯಲ್ಲೊಂದು ಪಾಲು ನ್ಯಾನೋಮೀಟರ್. ಅಂಥ ಕೆಲವೇ ನ್ಯಾನೋಮೀಟರ್ ದಪ್ಪದ ಸೀಸದ ಟೈಟನೇಟ್ ಪದರಗಳಲ್ಲಿ ವಾಲುವಿಕೆ ಹೊಳೆಯ ಮಡುವಿನ ನೀರಿನಂತೆ ಸುಳಿ ಸುತ್ತುವುದನ್ನು 2016ರಲ್ಲಿ ಪ್ರಕಟಿಸಿದರು.

ಈ ವಾಲುವಿಕೆ ಹುಟ್ಟುವುದು ಹೇಗೆ? 1959ರಲ್ಲಿ ಇಂಗ್ಲೆಂಡಿನ ಕಾಕ್ರನ್ ಉತ್ತರ ಕೊಟ್ಟರು: ಹರಳಿನ ಒಂದು ಕಂಪನ ಸಡಿಲವಾಗುತ್ತ ಬಂದು, ಕೊನೆಗೆ ಕಣಗಳು ಹಿಂದಿರುಗದೆ ವಾಲಿದಲ್ಲೇ ನಿಂತುಬಿಡುತ್ತವೆ. ಇಂಥ ಸಡಿಲ ಕಂಪನವನ್ನೇ ಹತ್ತೊಂಬತ್ತು ವರ್ಷ ಮೊದಲು ಬೆಂಗಳೂರಿನಲ್ಲಿ ಬೆಣಚುಕಲ್ಲಿನೊಳಗೆ ಕಂಡಿದ್ದರು.

ಗುರುಭಕ್ತಿಯಿಂದ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಹರಳಿನ ಕಂಪನಗಳು ಕೆಲವೇ ನಿಯತ ಬಗೆಗಳೆಂದು ರಾಮನ್ನರು ಸಾಧಿಸಹೊರಟು, ತಾವೇ 1935ರಲ್ಲಿ ಬೆಂಗಳೂರಿಗೆ ಕರೆಸಿಕೊಂಡಿದ್ದ ಮ್ಯಾಕ್ಸ್ ಬಾರ್ನ್ ಅವರೊಡನೆ ವರ್ಷಗಟ್ಟಲೆ ವಾದಿಸಿದರು. ಬಾರ್ನ್ ಅವರ ಪಕ್ಷವೇ ಸರಿಯೆಂದು ಸಿದ್ಧವಾಯಿತು. ಕಣ್ಣಿಗೆ ಕಂಡದ್ದರಲ್ಲಿ ರಾಮನ್ನರು ತಪ್ಪಲಿಲ್ಲ. ಅದರ ಮೇಲೆ ಕಟ್ಟಿದ ಸಿದ್ಧಾಂತವನ್ನು ಬಿಡಲೊಲ್ಲದ ಹಟ ಅವರಲ್ಲಿತ್ತು. ಅವರ ಕೀರ್ತಿಯನ್ನು ಹೊಗಳುವವರು ನೆಡುಂಗಾಡಿಯವರ ಹೆಸರನ್ನು ಎತ್ತದಿರುವುದು ನನಗೆ ಇದಕ್ಕಿಂತಲೂ ಹೆಚ್ಚು ನೋವಿನ ಸಂಗತಿ. ಹರಳಿನ ಲೇಖನಕ್ಕೆ ಇಬ್ಬರ ಹೆಸರೂ ಇದೆ.

1948ರಲ್ಲಿ ರಾಮನ್ನರು ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾಗಿ, ಮೈಸೂರು ಸರ್ಕಾರ ದಾನವಾಗಿ ಕೊಟ್ಟಿದ್ದ ಜಮೀನಿನಲ್ಲಿ ಕಟ್ಟಿದ ತಮ್ಮ ಸ್ವಂತ ಸಂಶೋಧನಾಲಯಕ್ಕೆ ಬಂದರು. 1954ರಲ್ಲಿ ಭಾರತರತ್ನ ಬಂತು. 1970ರ ನವೆಂಬರ್ 21ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಆ ಆವರಣದಲ್ಲೇ ದಹನವಾಯಿತು. ಆ ಜಾಗದಲ್ಲಿ ಒಂದು ಮರವನ್ನು ನೆಟ್ಟರು. ಅವರು ಕೂಡಿಸಿದ ಹರಳು, ಖನಿಜಗಳು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿವೆ.