ಮನೆ ಮನೆಗೆ ಹೋಗಿ ಲೆಕ್ಕ ಹಿಡಿದ ಜೂಲಿಯಾ ಲ್ಯಾಥ್ರಾಪ್

ದಿನವಿಡೀ ಅಂಕಿಅಂಶಗಳ ನಡುವೆ ದುಡಿಯುವ ನನಗೆ ಜೂಲಿಯಾ ಲ್ಯಾಥ್ರಾಪ್ ಬಹಳ ಮೆಚ್ಚಿನವರು. 1858ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದರು. ಶಿಕಾಗೋದಲ್ಲಿ 1899ರಲ್ಲಿ ಬಾಲನ್ಯಾಯಾಲಯ ಬರಲು ಶ್ರಮಿಸಿದವರಲ್ಲಿ ಒಬ್ಬರು. 1912ರಲ್ಲಿ ಕೇಂದ್ರ ಸರ್ಕಾರದ ಹೊಸ ಮಕ್ಕಳ ಇಲಾಖೆಗೆ ಮುಖ್ಯಸ್ಥರಾದರು. ಆಗ ಇಡೀ ದೇಶದಲ್ಲಿ ಶಿಶುಗಳ ಜನನ-ಮರಣದ ಸರಿಯಾದ ಲೆಕ್ಕವೇ ಇರಲಿಲ್ಲ! ಮರುವರ್ಷ ಉಕ್ಕಿನ ಕಾರ್ಖಾನೆಗಳ ಊರಾದ ಜಾನ್ಸ್‌ಟೌನ್‌ನಲ್ಲಿ ಅವರ ಸಿಬ್ಬಂದಿ, ಈಗ ನಮ್ಮ ಅಂಗನವಾಡಿ ಕಾರ್ಯಕರ್ತೆಯರು ಬರುವ ಹಾಗೆ, ಮನೆ ಮನೆಗೆ ಹೋಗಿ ತಾಯಂದಿರನ್ನು ಮಾತನಾಡಿಸಿದರು. ಮಗು ಸತ್ತರೆ ತಾಯಿಯನ್ನೇ ದೂರುವುದು ಸುಲಭ. ಆದರೆ ಲೆಕ್ಕ ಬೇರೆಯದನ್ನೇ ತೋರಿಸಿತು: ತಂದೆಯ ಸಂಪಾದನೆ ಕಡಿಮೆಯಾದಷ್ಟೂ ಶಿಶುಮರಣ ಹೆಚ್ಚು. ತಾಯಿ-ಮಗುವಿನ ಆರೋಗ್ಯಕ್ಕೆ ಸರ್ಕಾರವೇ ಹಣ ಕೊಡಬೇಕೆಂದು ಅವರು ಪಟ್ಟುಹಿಡಿದರು. 1921ರ ನವೆಂಬರಿನಲ್ಲಿ ಅದಕ್ಕೆ ಕಾಯ್ದೆಯೂ ಆಯಿತು. ಅಷ್ಟರಲ್ಲಿ ಅವರು ಹುದ್ದೆ ಬಿಟ್ಟಾಗಿತ್ತು. 1932ರಲ್ಲಿ ತೀರಿಕೊಂಡರು.